ಭಟ್ಟಿ ಕೋಣೆಯ ಕಿಟಕಿ

ಎದೆ ಹಿಡಿದ ಹಾಗಾದರೆ ನಮ್ಮ ಬೀದಿಯಲ್ಲಿ ಎಲ್ಲರೂ ಹೇಳುವ ಮಾತು ಒಂದೇ: "ಗ್ಯಾಸು. ಒಂದು ಸೋಡಾ ಕುಡಿ, ಹೋಗುತ್ತೆ." ಸೋಡಾ ಕುಡಿದರೆ ತೇಗು ಬರುತ್ತದೆ. ತೇಗು ಬಂದರೆ ಮನೆಮಂದಿಗೆಲ್ಲ ಸಮಾಧಾನ. ನಮ್ಮ ಮಾವನವರು ಒಂದು ವರ್ಷ ಹೀಗೆ ಸೋಡಾ ಕುಡಿದುಕೊಂಡೇ ಕಳೆದರು.

ಅವರು ಬ್ರೆಡ್ ಮಾಡುವವರು. ನಲವತ್ತೊಂದು ವರ್ಷದಿಂದ ಅದೇ ಕೆಲಸ. ನಮ್ಮ ಬೀದಿ ಇಳಿಜಾರಿನಲ್ಲಿದೆ. ಅಂಗಡಿಯ ಬಾಗಿಲು ಮೇಲಿನ ಬೀದಿಗೆ. ಒಳಗಿನಿಂದ ಒಂಬತ್ತು ಮೆಟ್ಟಿಲು ಇಳಿದರೆ ಭಟ್ಟಿ ಕೋಣೆ. ಸೌದೆ ಉರಿಸುವ ಇಟ್ಟಿಗೆಯ ದೊಡ್ಡ ಒಲೆಗೆ ನಾವು ಭಟ್ಟಿ ಎನ್ನುತ್ತೇವೆ. ಆ ಕೋಣೆಗೆ ಹಿಂದಿನ ಓಣಿಯ ಕಡೆಗೆ ಒಂದೇ ಒಂದು ಕಿಟಕಿ.

ಮಾವನವರ ಕೆಲಸವನ್ನು ನಿಂತು ನೋಡಬೇಕು. ಭಟ್ಟಿಯ ಬಾಯಿಗೆ ಅಂಗೈ ಹಿಡಿದು ಮನಸ್ಸಿನಲ್ಲೇ ಎಣಿಸುತ್ತಾರೆ. ಎಂಟು ಎಣಿಸುವ ಮೊದಲೇ ಕೈ ಚುರುಗುಟ್ಟಿದರೆ ಕಾವು ಹೆಚ್ಚು. ಹನ್ನೆರಡು ದಾಟಿದರೆ ಇನ್ನೆರಡು ಸೌದೆ ಬೇಕು. ಒಮ್ಮೆ ನನ್ನ ಗಂಡ ಕಾವು ಅಳೆಯುವ ಉಪಕರಣ ತಂದುಕೊಟ್ಟಾಗ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದಕ್ಕೆ ಚರ್ಮ ಎಲ್ಲಿದೆ?" ಎಂದು ಕೇಳಿದರು. ಬ್ರೆಡ್ ಹೊರಗೆ ಬಂದ ಮೇಲೆ ಒಂದನ್ನು ಮಗುಚಿ, ತಳಕ್ಕೆ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಯ ಹತ್ತಿರ ಹಿಡಿಯುತ್ತಾರೆ. ಟೊಳ್ಳು ಸದ್ದು ಬಂದರೆ ಬೆಂದಿದೆ. ಮಂದ ಸದ್ದು ಬಂದರೆ ಮತ್ತೆ ಒಳಗೆ. ಅವರ ಕಿವಿ ತಪ್ಪಿದ್ದನ್ನು ನಾನು ನೋಡಿಲ್ಲ.

ನಾನು ಕಾಲೇಜು ಮುಗಿಸಿ ಈ ಮನೆಗೆ ಸೊಸೆಯಾಗಿ ಬಂದವಳು. ಮೇಲೆ ಅಂಗಡಿಯಲ್ಲಿ ಕೂರುತ್ತೇನೆ. ನನ್ನ ಗಂಡ ಬ್ರೆಡ್ ತುಂಬಿದ ಗಾಡಿ ತೆಗೆದುಕೊಂಡು ಊರು ಸುತ್ತುತ್ತಾರೆ. ಕೂತಲ್ಲೇ ಕೂತು ನನಗೊಂದು ಅಭ್ಯಾಸವಾಗಿಬಿಟ್ಟಿತ್ತು. ಮಾವನವರು ತಟ್ಟೆ ಹೊತ್ತು ಮೆಟ್ಟಿಲು ಹತ್ತುವ ಸದ್ದನ್ನು ಎಣಿಸುವುದು. ಮೊದಲೆಲ್ಲ ಒಂಬತ್ತೂ ಒಂದೇ ಉಸಿರಿಗೆ ಕೇಳುತ್ತಿತ್ತು. ಆಮೇಲೆ ಆರರ ಹತ್ತಿರ ಒಂದು ತಡೆ ಬಂತು. ನಂತರ ನಾಲ್ಕರಲ್ಲಿ.

ಇಣುಕಿ ನೋಡಿದರೆ ಅವರು ಗೋಡೆ ನೋಡುತ್ತ ನಿಂತಿರುತ್ತಿದ್ದರು.

"ಏನು ಮಾವ?"

"ಬಿರುಕು ಬಿಟ್ಟಿದೆಯೇನೋ ಅಂತ ನೋಡ್ತಿದೀನಿ."

ಆ ಗೋಡೆ ಹೊಗೆ ಹಿಡಿದು ಹಿಡಿದು ಬಾಣಲೆಯ ತಳದ ಹಾಗೆ ಕಪ್ಪಾಗಿತ್ತು. ಅದರಲ್ಲಿ ಬಿರುಕಿದ್ದರೂ ಯಾರಿಗೂ ಕಾಣುವಂತಿರಲಿಲ್ಲ. ನಾನು ಸುಮ್ಮನಾದೆ. ಸುಮ್ಮನಾದದ್ದು ತಪ್ಪು ಎಂದು ಈಗ ಹೇಳಬಲ್ಲೆ.

ಗೋಡೆ ಅಷ್ಟು ಕಪ್ಪಾಗಲು ಕಾರಣ ಆ ಕಿಟಕಿ. ಕಲಸಿದ ಹಿಟ್ಟು ಉಬ್ಬುವಾಗ ಗಾಳಿ ತಾಗಬಾರದು. ತಾಗಿದರೆ ಮೇಲ್ಪದರ ಒಣಗಿ ಬ್ರೆಡ್ ಸೀಳುತ್ತದೆ. ಅದಕ್ಕಾಗಿ ಮಾವನವರು ಕಿಟಕಿಗೆ ಎರಡು ಗೋಣಿಚೀಲ ತುರುಕಿ ಮುಚ್ಚಿದ್ದರು. ಅವರ ತಂದೆಯೂ ಹಾಗೇ ಮುಚ್ಚುತ್ತಿದ್ದರಂತೆ. ಒಲೆಗೆ ಹಾಕಲು ಪಕ್ಕದ ಬಡಗಿಯ ಅಂಗಡಿಯಿಂದ ಹಲಗೆ ಚೂರುಗಳು ಬರುತ್ತಿದ್ದವು. ಬಣ್ಣ ಬಳಿದದ್ದು, ಅಂಟು ಹಚ್ಚಿದ್ದು, ಪಾಲಿಶ್ ಹೊಡೆದದ್ದು. ಬೇಗ ಹತ್ತಿಕೊಳ್ಳುತ್ತವೆ ಎಂದು ಮಾವನವರಿಗೆ ಅವುಗಳ ಮೇಲೆ ಪ್ರೀತಿ. ಹೊಗೆ ಮಾತ್ರ ಕಣ್ಣು ಬಿಡಲು ಆಗದಷ್ಟು.

ಒಂದು ಮಧ್ಯಾಹ್ನ ಮೆಟ್ಟಿಲ ಸದ್ದು ನಾಲ್ಕಕ್ಕೆ ನಿಂತದ್ದು ಮುಂದುವರಿಯಲೇ ಇಲ್ಲ. ಓಡಿಹೋಗಿ ನೋಡಿದರೆ ಮಾವನವರು ಮೆಟ್ಟಿಲ ಮೇಲೆ ಕೂತಿದ್ದರು. ಬನ್ನಿನ ತಟ್ಟೆ ತೊಡೆಯ ಮೇಲೆ. ಒಂದು ಬನ್ನೂ ಉರುಳಿರಲಿಲ್ಲ. ಹಣೆಯಲ್ಲಿ ಬೆವರು, ಮುಖ ಮೈದಾ ಹಿಟ್ಟಿನ ಬಣ್ಣ.

"ಏನಿಲ್ಲಮ್ಮ, ಗ್ಯಾಸು. ಅತ್ತೆಗೆ ಹೇಳಿ ಸೋಡಾ ತರಿಸು."

ಅತ್ತೆ ಸೋಡಾ ತಂದರು. ನಾನು ಚಪ್ಪಲಿಯೂ ಹಾಕದೆ ಬೀದಿಯ ತುದಿಯ ಚಿಕಿತ್ಸಾಲಯಕ್ಕೆ ಓಡಿದೆ.

ಅಲ್ಲಿರುವ ನರ್ಸಮ್ಮನಿಗೆ ನಮ್ಮ ಬೀದಿ ಇಟ್ಟ ಹೆಸರು ಬೇಡಮ್ಮ. ಸಕ್ಕರೆ ಬೇಡ, ಉಪ್ಪು ಬೇಡ, ಸಿಗರೇಟು ಬೇಡ ಎಂದು ಮನೆಮನೆಗೆ ಹೋಗಿ ಹೇಳುತ್ತಾರೆ. ಎದುರಿಗೆ ಎಲ್ಲರೂ ಸಿಸ್ಟರ್ ಎನ್ನುತ್ತಾರೆ. ಆ ಇನ್ನೊಂದು ಹೆಸರು ಅವರಿಗೂ ಗೊತ್ತು. ಇಪ್ಪತ್ತು ವರ್ಷದಿಂದ ಈ ಬೀದಿಯ ಹೆರಿಗೆ, ಜ್ವರ, ಸಾವು ಎಲ್ಲವನ್ನೂ ನಡೆದುಕೊಂಡೇ ಹೋಗಿ ನೋಡಿದ ಹೆಂಗಸು. ಯಾರ ಮೇಲೂ ದನಿ ಎತ್ತಿದವರಲ್ಲ.

ಬಂದವರೇ ಮಾವನವರ ಕೈ ಹಿಡಿದು ನಾಡಿ ನೋಡಿದರು.

"ಎಲ್ಲಿ ಹಿಡ್ಕೊಂಡಿತು ಯಜಮಾನ್ರೇ?"

"ಇಲ್ಲಿ. ಈಗ ಬಿಟ್ಟಿದೆ. ಗ್ಯಾಸು."

"ಗ್ಯಾಸಿಗೆ ಮೆಟ್ಟಿಲು ಹತ್ತುವಾಗಲೇ ಬರಬೇಕು ಅಂತ ಏನಾದ್ರೂ ಇದೆಯಾ? ಮೊದಲೂ ಬಂದಿತ್ತಾ?"

"ಇಲ್ಲ."

"ಬಂದಿತ್ತು ಸಿಸ್ಟರ್," ಎಂದೆ ನಾನು. "ಒಂದು ವರ್ಷದಿಂದ. ಮೊದಲು ಆರನೇ ಮೆಟ್ಟಿಲಲ್ಲಿ ನಿಲ್ತಿದ್ರು, ಈಗ ನಾಲ್ಕನೇದರಲ್ಲಿ."

ಮಾವನವರು ನನ್ನ ಕಡೆ ತಿರುಗಿದರು. "ನೀನು ಸೊಸೆನೋ ಪತ್ತೇದಾರಿನೋ?"

"ಎರಡೂ ಇರಲಿ," ಎಂದರು ನರ್ಸಮ್ಮ. "ಈಗಲೇ ಆಸ್ಪತ್ರೆಗೆ ಹೊರಡಿ. ಆಂಬುಲೆನ್ಸಿಗೆ ಹೇಳ್ತೀನಿ."

"ಭಟ್ಟಿಯೊಳಗೆ ಬ್ರೆಡ್ ಇದೆ. ಅದು ತೆಗೆದ ಮೇಲೆ."

"ಬ್ರೆಡ್ ಸುಟ್ರೆ ನಾಳೆ ಮಾಡಬಹುದು."

"ಬ್ರೆಡ್ ಸುಡೋಕೆ ಬಿಟ್ಟು ನಾನು ಇದುವರೆಗೆ ಎದ್ದಿಲ್ಲ ಸಿಸ್ಟರಮ್ಮ."

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ನಾನು ತೆಗೀತೀನಿ. ನಲವತ್ತು ವರ್ಷ ನೋಡಿದೀನಿ, ಅದೇನು ಬ್ರಹ್ಮವಿದ್ಯೆಯಾ? ಏಳಿ ಮೇಲೆ." ಅವರ ದನಿ ನಡುಗುತ್ತಿತ್ತು. ಮಾವನವರು ಅದಕ್ಕೇ ಎದ್ದರು ಎಂದು ನನ್ನ ಅನಿಸಿಕೆ. ಆ ದಿನದ ಬ್ರೆಡ್ಡಿನಲ್ಲಿ ಅರ್ಧ ಕರಕಲಾಯಿತು. ಅತ್ತೆ ಇವತ್ತಿಗೂ ಒಪ್ಪಿಲ್ಲ, "ಸ್ವಲ್ಪ ಕೆಂಪಾಗಿತ್ತು" ಎನ್ನುತ್ತಾರೆ.

ಆಂಬುಲೆನ್ಸಿನಲ್ಲಿ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ನರ್ಸಮ್ಮ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದರು. "ಇನ್ನೊಂದು ಸಲ ಹೀಗಾದ್ರೆ ನನ್ನನ್ನು ಹುಡುಕಿಕೊಂಡು ಬರಬೇಡ. ಸೋಡಾನೂ ಬೇಡ. ಎದೆ ಹಿಂಡಿದ ಹಾಗಾಗಿ ಬೆವರು ಬಂದ್ರೆ, ನೋವು ತೋಳಿಗೋ ದವಡೆಗೋ ಬೆನ್ನಿಗೋ ಹರಿದ್ರೆ, ಉಸಿರು ಸಾಲದೇ ಹೋದ್ರೆ ಮೊದಲು ಆಂಬುಲೆನ್ಸ್ ಕರಿ. ಹೆಂಗಸರಿಗೆ ಕೆಲವು ಸಲ ಎದೆನೋವೇ ಇರಲ್ಲ. ವಾಕರಿಕೆ, ವಿಪರೀತ ಸುಸ್ತು ಇಷ್ಟೇ. ಅದನ್ನೂ ಬಿಡಬಾರದು."

ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು, ರಕ್ತ ಪರೀಕ್ಷೆ ಮಾಡಿದರು, ಎರಡು ದಿನ ಇಟ್ಟುಕೊಂಡರು. ವೈದ್ಯರು ಎದೆಗೆ ಸ್ಟೆತಸ್ಕೋಪ್ ಇಟ್ಟು ಕಿವಿಗೊಟ್ಟು ಕೇಳುತ್ತಿದ್ದಾಗ ಮಾವನವರು ಗಂಭೀರವಾಗಿ, "ಬೆಂದಿದೆಯಾ ಡಾಕ್ಟ್ರೇ?" ಎಂದರು. ವೈದ್ಯರಿಗೆ ಅರ್ಥವಾಗಲಿಲ್ಲ. ನಾನು ಅಷ್ಟು ಹೊತ್ತಿನಲ್ಲಿ ಮೊದಲ ಸಲ ಉಸಿರು ಬಿಟ್ಟೆ.

ಹೃದಯಾಘಾತ ಆಗಿರಲಿಲ್ಲ. ಆದರೆ ಹೃದಯಕ್ಕೆ ರಕ್ತ ಕೊಡುವ ನಾಳ ಒಂದು ಕಡೆ ಕಿರಿದಾಗಿದೆ, ಬಿಪಿಯೂ ಏರಿದೆ ಎಂದರು. ದಿನವೂ ತಪ್ಪದೆ ನುಂಗಬೇಕಾದ ಮಾತ್ರೆ ಬರೆದುಕೊಟ್ಟರು. ಕೊನೆಗೆ ಹೇಳಿದ ಮಾತು: "ಹೊಗೆಯಿಂದ ದೂರ ಇರಿ."

ಮಾವನವರಿಗೆ ಅದು ಭಟ್ಟಿ ಬಿಡಿ ಎಂದು ಕೇಳಿಸಿತು. ಮನೆಗೆ ಬಂದವರು ಊಟಕ್ಕೂ ಸರಿಯಾಗಿ ಕೂರಲಿಲ್ಲ. ಅತ್ತೆಗೆ ಹೇಳಿದರು: "ಮೂಲೆಯಲ್ಲಿ ಕೂತು ಮಾತ್ರೆ ನುಂಗ್ತಾ ಇರು ಅಂದ್ರೆ ನಾನು ಆರು ತಿಂಗಳೂ ಉಳಿಯಲ್ಲ. ಹೋಗೋದಿದ್ರೆ ಭಟ್ಟಿ ಮುಂದೆನೇ ಹೋಗ್ತೀನಿ. ನನ್ನ ತಡೀಬೇಡಿ." ಅತ್ತೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತರು. ನನಗೂ ದಿಕ್ಕು ತೋಚಲಿಲ್ಲ. ಭಟ್ಟಿ ಬಿಡಿಸಿದರೆ ಈ ಮನುಷ್ಯ ಒಳಗೇ ಒಣಗಿಹೋಗುತ್ತಾರೆ. ಬಿಡಿಸದಿದ್ದರೆ ಮೆಟ್ಟಿಲ ಸದ್ದು ಒಂದು ದಿನ ಮೂರಕ್ಕೆ ನಿಲ್ಲುತ್ತದೆ, ಆಮೇಲೆ ಎರಡಕ್ಕೆ.

ಮೂರನೆಯ ದಿನ ಅವರು ಭಟ್ಟಿ ಕೋಣೆಗೆ ಇಳಿದೇಬಿಟ್ಟರು. ನನ್ನ ಗಂಡ ಹಿಟ್ಟು ಕಲಸುತ್ತಿದ್ದರು. ಇವರು ಸ್ಟೂಲಿನ ಮೇಲೆ ಕೂತು ತಪ್ಪು ಹುಡುಕುತ್ತಿದ್ದರು. ನರ್ಸಮ್ಮ ಹುಡುಕಿಕೊಂಡು ಅಲ್ಲಿಗೇ ಬಂದರು. ಕೆಮ್ಮಿದರು. ಕಣ್ಣು ಒರೆಸಿಕೊಂಡರು. ಕೂರಲು ಜಾಗವಿಲ್ಲದೆ ಮೈದಾ ಮೂಟೆಯ ಮೇಲೆ ಕೂತರು.

ಮಾವನವರೇ ಶುರು ಮಾಡಿದರು. "ನೀವು ಹೇಳೋಕೆ ಬಂದಿರೋದು ಗೊತ್ತು. ಹೊಗೆ ಹೋದ್ರೆ ಶ್ವಾಸಕೋಶಕ್ಕೆ ಹೋಗಬೇಕು. ನನಗೆ ದಮ್ಮಿಲ್ಲ, ಕೆಮ್ಮಿಲ್ಲ. ರೋಗ ಇರೋದು ಹೃದಯದಲ್ಲಿ, ಬೈಸಿಕೊಳ್ಳೋದು ನನ್ನ ಭಟ್ಟಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು."

ನರ್ಸಮ್ಮ ನಕ್ಕು, ಗೋಡೆಗೆ ತೂಗುಹಾಕಿದ್ದ ಜರಡಿ ಕೈಗೆ ತೆಗೆದುಕೊಂಡರು. "ಇದರಲ್ಲಿ ಏನೇನು ನಿಲ್ಲುತ್ತೆ?"

"ಗಂಟು, ಹುಳ, ಚೀಲದ ದಾರ."

"ಮೈದಾ?"

"ಮೈದಾ ನಿಂತ್ರೆ ಅದು ಜರಡಿನಾ? ಕೆಳಗೆ ಇಳಿಯುತ್ತೆ."

"ನಿಮ್ಮ ಮೂಗು, ಗಂಟಲು ಇದೇ ತರ ಒಂದು ಜರಡಿ. ದಪ್ಪ ಧೂಳು ಅಲ್ಲಿ ನಿಲ್ಲುತ್ತೆ, ಸೀನಿ ಕೆಮ್ಮಿ ಹೊರಗೆ ಹಾಕ್ತೀರಿ. ಹೊಗೆಯಲ್ಲಿ ಅದಕ್ಕಿಂತ ನುಣ್ಣಗಿನ ಕಣ ಇರುತ್ತೆ. ತಲೆಕೂದಲಿನ ದಪ್ಪವನ್ನು ಮೂವತ್ತು ಪಾಲು ಮಾಡಿದ್ರೆ ಒಂದು ಪಾಲಿನಷ್ಟು, ಇನ್ನೂ ಸಣ್ಣದು. ಅದು ಜರಡಿಯಲ್ಲಿ ನಿಲ್ಲಲ್ಲ. ಶ್ವಾಸಕೋಶದ ತಳಕ್ಕೆ ಹೋಗುತ್ತೆ, ತೀರಾ ಸಣ್ಣದು ಅಲ್ಲಿಂದ ರಕ್ತಕ್ಕೂ ಇಳಿಯುತ್ತೆ. ರಕ್ತ ಎಲ್ಲಿಗೆ ಹೋಗುತ್ತೆ?"

ಮೆಟ್ಟಿಲ ಮೇಲೆ ನಿಂತಿದ್ದ ಅತ್ತೆ, "ಹೃದಯಕ್ಕೆ," ಎಂದರು.

"ಹಾಗಾದ್ರೆ ನನ್ನ ನಾಳದೊಳಗೂ ಮಸಿ ಕಟ್ಟಿದೆ ಅಂತೀರಾ, ಚಿಮಣಿ ತರ?"

"ಅಲ್ಲ, ಮಸಿನೇ ಹೋಗಿ ಕೂರಲ್ಲ. ನಾಳದ ಒಳಗೋಡೆ ಕೆರಳುತ್ತೆ, ಬಿಗಿಯಾಗುತ್ತೆ. ಕೆರಳಿದ ಕಡೆ ಕೊಬ್ಬು ಕೂರೋದು ಸುಲಭ, ರಕ್ತ ಹೆಪ್ಪುಗಟ್ಟೋದೂ ಸುಲಭ. ಬಿಪಿ ಏರುತ್ತೆ. ಇದರ ಜೊತೆ ಹೊಗೆಯಲ್ಲಿ ಇನ್ನೊಂದು ಅನಿಲ ಇದೆ, ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರೋ ಜಾಗದಲ್ಲಿ ಅದು ಹೋಗಿ ಕೂರುತ್ತೆ. ಹೃದಯಕ್ಕೆ ಊಟ ಕಡಿಮೆ, ದುಡಿಮೆ ಜಾಸ್ತಿ. ಕೆಟ್ಟ ಗಾಳಿಯಿಂದ ಸಾಯೋರಲ್ಲಿ ಬಹಳ ಜನ ಕೆಮ್ಮಿ ಸಾಯಲ್ಲ ಯಜಮಾನ್ರೇ. ಹೃದಯ ನಿಂತು, ಇಲ್ಲಾ ಮೆದುಳಿಗೆ ರಕ್ತ ಹೋಗದೆ ಸಾಯ್ತಾರೆ."

"ನಮ್ಮಪ್ಪ ಇದೇ ಹೊಗೆಯಲ್ಲಿ ಎಂಬತ್ತು ವರ್ಷ ಬದುಕಿದ."

"ಮತ್ತೆ ನಿಮ್ಮ ತಮ್ಮ?" ಎಂದರು ಅತ್ತೆ.

ಮಾವನವರ ತಮ್ಮನನ್ನು ನಾನು ಕಂಡಿಲ್ಲ. ಅದೇ ಭಟ್ಟಿಯ ಬಾಯಲ್ಲಿ, ಬ್ರೆಡ್ ಎಳೆಯುವ ಉದ್ದ ಹಲಗೆ ಕೈಯಲ್ಲಿ ಹಿಡಿದುಕೊಂಡೇ ಕುಸಿದವರು. ಆಗ ಐವತ್ತೆರಡು. ಕಾವು ತಡೆಯಲಾಗಲಿಲ್ಲ ಎಂದು ಎಲ್ಲರೂ ಮಾತಾಡಿಕೊಂಡಿದ್ದರಂತೆ.

ನರ್ಸಮ್ಮ ಆ ಮಾತನ್ನು ಹಿಡಿದು ಜಗ್ಗಲಿಲ್ಲ. ನಾನು ಅವರನ್ನು ಮೆಚ್ಚುವುದು ಇಂಥದ್ದಕ್ಕೆ. "ಒಬ್ಬರ ಸಾವಿಗೆ ಇದೇ ಕಾರಣ ಅಂತ ಈಗ ನಾನು ಹೇಳೋಕಾಗಲ್ಲ," ಎಂದರು. "ಬಿಪಿ, ಸಕ್ಕರೆ, ಸಿಗರೇಟು, ವಯಸ್ಸು, ಎಲ್ಲಾ ಸೇರಿ ಗಾಡಿ ಭಾರ ಮಾಡುತ್ತೆ. ಹೊಗೆ ಅದರ ಮೇಲೆ ಇನ್ನೊಂದು ಮೂಟೆ. ಕೆಲವರ ಗಾಡಿ ಎಳೆಯುತ್ತೆ, ಕೆಲವರದ್ದು ಮುರಿಯುತ್ತೆ. ಇಳಿಸೋಕೆ ಆಗೋ ಮೂಟೆ ಇಳಿಸೋಣ ಅಂತ ಅಷ್ಟೇ."

ಹಾಗೆ ಹೇಳುತ್ತ, ಪಕ್ಕದ ಹಲಗೆಯ ಮೇಲೆ ಉಬ್ಬಲು ಇಟ್ಟಿದ್ದ ಹಿಟ್ಟಿನ ಮೇಲಿನ ಬಟ್ಟೆಯನ್ನು ತೋರಿಸಿದರು. "ಇದು ಯಾಕೆ?"

ಕೆಲಸದ ಮಾತು ಬಂದದ್ದೇ ಮಾವನವರ ಬೆನ್ನು ನೆಟ್ಟಗಾಯಿತು. "ಹಿಟ್ಟಿನ ಮೇಲೆ ಮಸಿ ಬೀಳಬಾರದಲ್ಲ. ಒಂದೇ ಒಂದು ಕರಿ ಚುಕ್ಕೆ ಕಂಡ್ರೂ ನಾನು ಆ ಬ್ರೆಡ್ ಮಾರಲ್ಲ. ಈ ಬೀದಿಯಲ್ಲಿ ಯಾರನ್ನಾದ್ರೂ ಕೇಳಿ."

ನರ್ಸಮ್ಮ ಬಟ್ಟೆಯ ಅಂಚು ಹಿಡಿದು ಮಗುಚಿದರು. ಹಿಟ್ಟಿನ ಕಡೆಯ ಬದಿ ಬೆಳ್ಳಗಿತ್ತು. ಮೇಲಿನ ಬದಿ ಬೂದಿ ಬಣ್ಣ. ವಾರವಾರ ಅದನ್ನು ಒಗೆಯುವ ಅತ್ತೆ ಎಷ್ಟು ಸೋಪು ಸವೆಸಿದ್ದಾರೋ. ಮಾವನವರು ಎಷ್ಟು ಸಾವಿರ ಸಲ ಅದನ್ನು ಹೊದಿಸಿದ್ದಾರೋ. ಯಾರೂ ಎರಡು ಬದಿಯನ್ನು ಒಟ್ಟಿಗೆ ಹಿಡಿದು ನೋಡಿರಲಿಲ್ಲ.

"ಹಿಟ್ಟು ಇಲ್ಲಿ ಎಷ್ಟು ಹೊತ್ತು ಇರುತ್ತೆ?"

"ಎರಡು ಗಂಟೆ."

"ನೀವು?"

ಮಾವನವರು ಬಟ್ಟೆಯನ್ನೇ ನೋಡುತ್ತಿದ್ದರು.

"ಎರಡು ಗಂಟೆ ಇರೋ ಹಿಟ್ಟಿಗೆ ಹೊದಿಕೆ ಹಾಕಿದ್ರಿ. ನಲವತ್ತೊಂದು ವರ್ಷ ಇರೋ ಎದೆಗೆ?"

ಮಾವನವರು ಎದ್ದು, ಮಡಿಸಿಟ್ಟ ಒಂದು ಶುಭ್ರ ಬಟ್ಟೆ ತೆಗೆದು ಮೂಗು ಬಾಯಿಗೆ ಬಿಗಿಯಾಗಿ ಕಟ್ಟಿಕೊಂಡರು. ಬಟ್ಟೆಯೊಳಗಿಂದ ಮಾತು ಬಂತು. "ಆಯ್ತಲ್ಲ, ಈಗ ಸರಿನಾ?"

"ಬೇಡ," ಎಂದರು ನರ್ಸಮ್ಮ.

ನನ್ನ ಗಂಡ ನಕ್ಕುಬಿಟ್ಟರು, ಆಮೇಲೆ ಅತ್ತೆ, ಆಮೇಲೆ ನರ್ಸಮ್ಮನೇ. "ಬಟ್ಟೆ ಬೂದಿ ತಡೆಯುತ್ತೆ. ಮೈದಾ ನಿಲ್ಲದ ಜರಡಿಯಲ್ಲಿ ಆ ಕಣ ನಿಲ್ಲುತ್ತಾ? ಸಣ್ಣ ಕಣ ತಡೆಯೋ ಮಾಸ್ಕ್ ಬೇರೆ ಸಿಗುತ್ತೆ, ಬೂದಿ ತೆಗೆಯುವಾಗ ಹಾಕ್ಕೊಳ್ಳಿ. ಅದೂ ಆ ಅನಿಲ ತಡೆಯಲ್ಲ. ಹೊಗೆನೇ ಹೊರಗೆ ಹೋಗಬೇಕು."

"ಅಂದ್ರೆ ಭಟ್ಟಿ ಮುಚ್ಚು ಅಂತೀರಿ."

"ಭಟ್ಟಿ ಮುಚ್ಚಿ ಅಂತ ನಾನೆಲ್ಲಿ ಅಂದೆ? ಕಿಟಕಿ ತೆಗೀರಿ ಅಂತಿದೀನಿ."

ಮಾವನವರು ಮುಖದ ಬಟ್ಟೆ ಇಳಿಸಿದರು. ಅವರ ಮುಖ ನೋಡಿದಾಗ, ಮೂರು ದಿನದಿಂದ ಅವರು ಹೊತ್ತು ತಿರುಗುತ್ತಿದ್ದ ಭಯ ಯಾವುದು ಎಂದು ನನಗೆ ಸರಿಯಾಗಿ ಗೊತ್ತಾಯಿತು. ಸಾವಿನ ಭಯವಲ್ಲ, ಈ ಕೋಣೆ ಬಿಡಬೇಕಾಗುತ್ತದೆ ಎಂಬ ಭಯ.

"ಗಾಳಿ ತಾಗಿದ್ರೆ ಹಿಟ್ಟು ಹಾಳಾಗುತ್ತೆ," ಎಂದರು. ಆದರೆ ಈ ಸಲ ಜಗಳದ ದನಿಯಿರಲಿಲ್ಲ. ಯೋಚಿಸುವ ದನಿ.

"ಅದು ನಿಮ್ಮ ವಿದ್ಯೆ. ಅದರಲ್ಲಿ ನಾನು ಬಾಯಿ ಹಾಕಲ್ಲ," ಎಂದು ನರ್ಸಮ್ಮ ಎದ್ದರು.

ಮರುದಿನ ಬೆಳಗ್ಗೆ ಅತ್ತೆಯ ಕೂಗು ಕೇಳಿ ಓಡಿಹೋದೆ. ಅವರ ಹಳೆಯ ಮರದ ಬೀರುವಿನ ಬಟ್ಟೆಗಳೆಲ್ಲ ಹಾಸಿಗೆಯ ಮೇಲೆ ಗುಡ್ಡೆ ಬಿದ್ದಿದ್ದವು. ಬೀರು ನನ್ನ ಗಂಡನ ಬೆನ್ನ ಮೇಲೆ ಭಟ್ಟಿ ಕೋಣೆಗೆ ಇಳಿಯುತ್ತಿತ್ತು. ಮಾವನವರು ಹಿಂದೆ ನಿಂತು, ತಾವು ಕೈ ಹಚ್ಚದೆ, ಬರೀ ಬಾಯಲ್ಲಿ ಇಳಿಸುತ್ತಿದ್ದರು. ಬೀರುವಿನ ಅಡ್ಡ ಹಲಗೆಗಳ ಮೇಲೆ ಹಿಟ್ಟಿನ ತಟ್ಟೆ, ತಳದಲ್ಲಿ ಒಂದು ಪಾತ್ರೆ ಬಿಸಿನೀರು, ಬಾಗಿಲು ಮುಚ್ಚಿದರೆ ಆಯಿತು. ಒಳಗೆ ಬೆಚ್ಚಗೆ, ತೇವ, ಗಾಳಿಯಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಮೊದಲ ದಿನ ನೀರು ಬಿಸಿ ಹೆಚ್ಚಾಗಿ ಹಿಟ್ಟು ತಟ್ಟೆ ದಾಟಿ ಹರಿಯಿತು. ಎರಡನೆಯ ದಿನ ಬ್ರೆಡ್ ಎಂದಿಗಿಂತ ಹಗುರಾಗಿ ಬಂತು. ಮಾವನವರು ತಳ ತಟ್ಟಿ ಕೇಳಿ ಹೇಳಿದರು: "ಇಷ್ಟು ವರ್ಷ ಕಿಟಕಿ ಮುಚ್ಚಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ಬೀರು ಒಳ್ಳೇದು ಅಂತ ಹೇಳ್ತಿದೀನಿ."

ಗೋಣಿಚೀಲಗಳನ್ನು ಅವರೇ ಎಳೆದು ಹಾಕಿದರು. ಭಟ್ಟಿಯ ಚಿಮಣಿ ನೋಡಲು ಬಂದ ಗಾರೆಯವನು ಒಳಗಿಂದ ಬುಟ್ಟಿಗಟ್ಟಲೆ ಮಸಿಯನ್ನೂ ಒಂದು ಹಳೆಯ ಹಕ್ಕಿಗೂಡನ್ನೂ ತೆಗೆದ. ಹೊಗೆ ಹೋಗಲು ದಾರಿಯೇ ಇರಲಿಲ್ಲ. ಚಿಮಣಿಯನ್ನು ಮನೆಯ ಛಾವಣಿಗಿಂತ ಎತ್ತರಿಸಿ, ಹೊಗೆ ಎಳೆಯುವ ಫ್ಯಾನು ಕೂರಿಸಿದೆವು. ಬಡಗಿಯ ಬಣ್ಣದ ಹಲಗೆ ನಿಂತಿತು. ಚೆನ್ನಾಗಿ ಒಣಗಿದ ಬರೀ ಸೌದೆ ಮಾತ್ರ.

ಆದರೆ ಕಿಟಕಿ ತೆಗೆದ ಮೊದಲ ವಾರವೇ ಇನ್ನೊಂದು ಪಾಠವಾಯಿತು. ಮೈದಾ ತರುವ ಲಾರಿ ಹಿಂದಿನ ಓಣಿಯಲ್ಲಿ, ಸರಿಯಾಗಿ ಆ ಕಿಟಕಿಯ ಕೆಳಗೆ ನಿಲ್ಲುತ್ತದೆ. ಮೂಟೆ ಇಳಿಸುವ ಅರ್ಧ ಗಂಟೆಯೂ ಇಂಜಿನ್ ಓಡುತ್ತಲೇ ಇರುತ್ತದೆ. ಡೀಸೆಲ್ ಹೊಗೆ ನೇರ ಒಳಗೆ. ಅಷ್ಟು ವರ್ಷ ಅದು ನಮ್ಮ ಓಣಿಯ ಮನೆಗಳಿಗೆ ಹೋಗುತ್ತಿತ್ತು ಎಂದು ನಾವು ಯೋಚಿಸಿಯೇ ಇರಲಿಲ್ಲ.

ಮಾವನವರು ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ಏನಪ್ಪಾ, ಅದನ್ನ ಸ್ವಲ್ಪ ಆಫ್ ಮಾಡು."

"ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಆಗಲ್ಲ ಯಜಮಾನ್ರೇ. ಬ್ಯಾಟರಿ ವೀಕು," ಎಂದ ಲಾರಿಯವನು.

"ಲಾರಿ ಸ್ಟಾರ್ಟ್ ಆಗದಿದ್ರೆ ನಾಲ್ಕು ಜನ ತಳ್ಳಬಹುದು. ನಾನು ಸ್ಟಾರ್ಟ್ ಆಗದಿದ್ರೆ?"

ಲಾರಿಯವನು ಒಂದು ಕ್ಷಣ ಅವರ ಮುಖ ನೋಡಿ ಕೀ ತಿರುಗಿಸಿದ. ಆ ದಿನ ಓಣಿಯವರೆಲ್ಲ ಸೇರಿ ನಿಜವಾಗಿಯೂ ಲಾರಿ ತಳ್ಳಬೇಕಾಯಿತು. ಮುಂದಿನ ಸಲ ಅವನು ಹೊಸ ಬ್ಯಾಟರಿ ಹಾಕಿಸಿಕೊಂಡು ಬಂದ. ಅಂದಿನಿಂದ ಮಾವನವರಿಗೆ ಒಂದು ಹೊಸ ಕೆಲಸ ಸಿಕ್ಕಿತು. ಓಣಿಯ ಮೂಲೆಯಲ್ಲಿ ಯಾರಾದರೂ ಪ್ಲಾಸ್ಟಿಕ್ ಕಸಕ್ಕೆ ಬೆಂಕಿ ಹಚ್ಚಿದರೆ ಹಿಟ್ಟಿಗೆ ಹೊದಿಸುತ್ತಿದ್ದ ಆ ಬಟ್ಟೆ ಹಿಡಿದುಕೊಂಡು ಅಲ್ಲಿಗೆ ಹೋಗುತ್ತಾರೆ. ಎರಡೂ ಬದಿ ತೋರಿಸುತ್ತಾರೆ. ಹೆಚ್ಚು ಮಾತಾಡುವುದಿಲ್ಲ. ಬೆಂಕಿ ಹಚ್ಚಿದವರೇ ನೀರು ತಂದು ಸುರಿಯುತ್ತಾರೆ. ಈಗ ಕಸ ಬೇರೆ ಮಾಡಿ ಗಾಡಿಗೆ ಹಾಕುವುದು ಓಣಿಗೆ ರೂಢಿಯಾಗಿದೆ. ನಮ್ಮ ಬೀದಿ ಮಾವನವರಿಗೂ ಒಂದು ಅಡ್ಡಹೆಸರು ಇಟ್ಟಿದೆ: ಬೇಡಪ್ಪ. ಬೇಡಮ್ಮನವರು ಅದನ್ನು ಕೇಳಿ ಬಹಳ ಹೊತ್ತು ನಕ್ಕರು.

ನಕ್ಕ ಮೇಲೆ ಇನ್ನೂ ಒಂದು ಮಾತು ಹೇಳದೆ ಬಿಡಲಿಲ್ಲ. "ಕಿಟಕಿ ತೆಗೆದ್ರಿ, ಹೊಗೆ ಕಡಿಮೆಯಾಯ್ತು, ಹೋಗಿಲ್ಲ. ಅನುಕೂಲ ಆದಾಗ ಸೌದೆನೂ ಬಿಡಿ." ಅದು ಕಷ್ಟದ ಮಾತಾಗಿತ್ತು. ಆದರೂ ಆರು ತಿಂಗಳ ಮೇಲೆ ಬನ್ನಿಗೆಂದು ಗ್ಯಾಸಿನ ಒಲೆ ಬಂತು. ಮಾವನವರು ಅದರ ಬಾಯಿಗೂ ಅಂಗೈ ಹಿಡಿದು ಎಣಿಸುತ್ತಾರೆ. ಪಕ್ಕದಲ್ಲೇ ಕಾವು ತೋರಿಸುವ ಮುಳ್ಳು ತಿರುಗುತ್ತಿದ್ದರೂ ಅದನ್ನು ನಂಬುವುದಿಲ್ಲ. ಭಟ್ಟಿ ಈಗ ವಾರಕ್ಕೆ ಎರಡು ದಿನ ಮಾತ್ರ ಉರಿಯುತ್ತದೆ. ಮಾತ್ರೆ ಒಂದು ದಿನವೂ ತಪ್ಪಿಲ್ಲ. ಬ್ರೆಡ್ ತಟ್ಟೆಯ ಪಕ್ಕದಲ್ಲೇ ಡಬ್ಬಿ ಇಟ್ಟುಕೊಂಡಿದ್ದಾರೆ. ಸಂಜೆ ನಡೆಯಲು ಹೋಗುವುದು ವಾಹನ ತುಂಬಿದ ದೊಡ್ಡ ರಸ್ತೆಯಲ್ಲಲ್ಲ, ಹಿಂದಿನ ಶಾಲೆಯ ಮೈದಾನದಲ್ಲಿ. ಸೌದೆಯ ದಿನಗಳಲ್ಲಿ ಹೊಗೆ ಹೆಚ್ಚಾದರೆ ತಾವೇ ಎದ್ದು ಮೇಲೆ ಬರುತ್ತಾರೆ. ನಲವತ್ತೊಂದು ವರ್ಷದ ಅಭ್ಯಾಸವನ್ನು ಅರವತ್ತಮೂರನೆಯ ವಯಸ್ಸಿನಲ್ಲಿ ಬದಲಿಸುವುದು ಸಣ್ಣ ಮಾತಲ್ಲ. ನಾನು ಓದಿದವಳು, ನನ್ನ ಒಂದು ಸಣ್ಣ ಅಭ್ಯಾಸವನ್ನೂ ಬಿಡಲು ನನಗಿನ್ನೂ ಆಗಿಲ್ಲ. ಎಣಿಸುವುದನ್ನು.

ಮೊನ್ನೆ ಮಧ್ಯಾಹ್ನ ಅಂಗಡಿಯಲ್ಲಿ ಕೂತಿದ್ದೆ. ಕೆಳಗಿನಿಂದ ಅವರ ಹೆಜ್ಜೆ ಕೇಳಿತು. ಒಂದು, ಎರಡು, ಮೂರು, ನಾಲ್ಕು.

ನಿಂತಿತು.

ಗಿರಾಕಿಯ ಕೈಗೆ ಕೊಡಬೇಕಾದ ಬ್ರೆಡ್ ಹಿಡಿದುಕೊಂಡೇ ಮೆಟ್ಟಿಲ ಕಡೆಗೆ ಓಡಿದೆ. ಮಾವನವರು ನಾಲ್ಕನೆಯ ಮೆಟ್ಟಿಲ ಮೇಲೆ, ತಟ್ಟೆ ಸೊಂಟಕ್ಕೆ ಆನಿಸಿಕೊಂಡು, ಗೋಡೆ ನೋಡುತ್ತ ನಿಂತಿದ್ದರು. ಉಸಿರು ಸಮವಾಗಿತ್ತು. ಹಣೆಯಲ್ಲಿ ಬೆವರಿರಲಿಲ್ಲ.

"ಎಣಿಸೋದು ಬಿಡು ಮಗಳೇ," ಎಂದರು ತಿರುಗದೆಯೇ. "ಈ ಸಲ ನಿಜವಾಗ್ಲೂ ಗೋಡೆನೇ ನೋಡ್ತಿದೀನಿ. ಸುಣ್ಣ ಹೊಡೆದು ಮೂರು ತಿಂಗಳಾಯ್ತಲ್ಲ. ನೋಡು, ಇನ್ನೂ ಬೆಳ್ಳಗಿದೆ."

ಉಳಿದ ಐದು ಮೆಟ್ಟಿಲನ್ನು ಅವರು ಒಂದೇ ಉಸಿರಿಗೆ ಹತ್ತಿದರು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಭಟ್ಟಿ ಇರಲಿಕ್ಕಿಲ್ಲ. ಹೊಗೆ ತುಂಬುವ ಅಡುಗೆಮನೆ ಇರಬಹುದು, ಮುಚ್ಚಿದ ಬಾಗಿಲ ಹಿಂದಿನ ವೆಲ್ಡಿಂಗ್ ಅಂಗಡಿ ಇರಬಹುದು, ದಿನವಿಡೀ ವಾಹನಗಳ ನಡುವೆ ನಿಲ್ಲುವ ಕೆಲಸ ಇರಬಹುದು, ಮನೆಯೊಳಗೇ ಸಿಗರೇಟು ಸೇದುವವರಿರಬಹುದು. ನಿಮ್ಮ ಕಿಟಕಿ ಯಾವ ಕಾರಣಕ್ಕೆ ಮುಚ್ಚಿದೆ ಎಂದು ಒಮ್ಮೆ ನೋಡಿ. ಹೊಗೆ ಹೊರಗೆ ಹೋಗಲು ದಾರಿ ಮಾಡಿ. ಆದಷ್ಟು ಬೇಗ ಹೊಗೆಯಿಲ್ಲದ ಒಲೆಗೆ ಬನ್ನಿ. ಕಸ ಸುಡಬೇಡಿ, ನಿಂತ ಗಾಡಿಯ ಇಂಜಿನ್ ಆರಿಸಿ. ನಿಮ್ಮ ಹೊಗೆ ಪಕ್ಕದ ಮನೆಯವರ ಎದೆಗೂ ಹೋಗುತ್ತದೆ. ಬಿಪಿ ಪರೀಕ್ಷೆ ಮಾಡಿಸಿಕೊಳ್ಳಿ, ಕೊಟ್ಟ ಮಾತ್ರೆ ಬಿಡಬೇಡಿ. ಎದೆ ಹಿಡಿದರೆ ಸೋಡಾ ತರಲು ಓಡಬೇಡಿ, ಆಂಬುಲೆನ್ಸ್ ಕರೆದು ಆಸ್ಪತ್ರೆಗೆ ಹೋಗಿ.

ಮತ್ತೆ ಮನೆಯಲ್ಲಿ ಯಾರಾದರೂ ಮೆಟ್ಟಿಲು ಹತ್ತುವಾಗ ನಡುವೆ ನಿಂತು ಗೋಡೆ ನೋಡುತ್ತಿದ್ದರೆ, ನೀವು ಗೋಡೆ ನೋಡಬೇಡಿ. ಅವರನ್ನು ನೋಡಿ.